ಪರದೆ ಕಪ್ಪಗಿದ್ದರೆ ಎಲ್ಲಿಂದ ಶುರು ಮಾಡಬೇಕು? ಎಸ್‌ಎಎ7114 ವೀಡಿಯೊ ಡಿಕೋಡರ್ ಜೋಡಣೆ ಮತ್ತು ಬೋರ್ಡ್ ಪರೀಕ್ಷೆ, ಹಂತ ಹಂತವಾಗಿ

ಹೊಸ ವೀಡಿಯೊ ಬೋರ್ಡಿಗೆ ಮೊದಲ ಸಲ ಪವರ್ ಕೊಟ್ಟಾಗ ಚಿತ್ರ ಬರುವುದಿಲ್ಲ. ಇದನ್ನು ನಿಯಮ ಅಂತಲೇ ಇಟ್ಟುಕೊಂಡರೆ ರಕ್ತದೊತ್ತಡ ಹಿಡಿತದಲ್ಲಿರುತ್ತದೆ. ಪರದೆ ಕಪ್ಪಗೆ ಕೂತಿರುತ್ತದೆ. ಕೋಡ್ ಬರೆದವನು "ರಿಜಿಸ್ಟರ್ ಎಲ್ಲಾ ಸರಿ ಇದೆ ಸಾರ್, ಹಾರ್ಡ್‌ವೇರಲ್ಲೇ ಏನೋ ಇದೆ" ಅನ್ನುತ್ತಾನೆ. ಬೆಸುಗೆ ಹಾಕಿದವರು "ಮೈಕ್ರೋಸ್ಕೋಪಲ್ಲಿ ಒಂದೊಂದು ಕಾಲೂ ನೋಡಿದೀವಿ" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸುಳ್ಳಿರಲಿಕ್ಕಿಲ್ಲ. ಆದರೂ ಚಿತ್ರವಿಲ್ಲ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ರಿಜಿಸ್ಟರ್ (ಚಿಪ್ಪಿನೊಳಗೆ ಸೆಟ್ಟಿಂಗ್ ಇಡುವ ಪುಟ್ಟ ಮೆಮೊರಿ ಮನೆ) ಬೆಲೆಗಳನ್ನು ಒಂದೊಂದಾಗಿ ತಿದ್ದುತ್ತಾ ಎರಡು ದಿನ ಕಳೆಯುತ್ತಾರೆ. ನಾನೂ ಕಳೆದಿದ್ದೇನೆ. ಡಿಕೋಡರ್ ಚಿಪ್ಪನ್ನು ಮಾಡಿದವರು ಬೋರ್ಡಿನ ತಪ್ಪನ್ನು ಪ್ರೋಗ್ರಾಮಿನ ತಪ್ಪಿನಿಂದ ಬೇರ್ಪಡಿಸಲು ಅದರಲ್ಲೇ ಕೆಲವು ಕಿಟಕಿ ಇಟ್ಟಿರುತ್ತಾರೆ. ಅವನ್ನು ಕ್ರಮವಾಗಿ ಒಂದೊಂದೇ ತೆರೆದು ನೋಡುವುದು ಹೇಗೆ ಎಂಬುದು ಇಲ್ಲಿನ ವಿಷಯ. ಈ ಕ್ರಮದಲ್ಲಿ ಚಿತ್ರ ನೋಡುವ ಸರದಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ.

ಉದಾಹರಣೆಗೆ ಆರಿಸಿಕೊಂಡದ್ದು ಫಿಲಿಪ್ಸ್ ತಂದ, ಆಮೇಲೆ ಎನ್‌ಎಕ್ಸ್‌ಪಿ ಹೆಸರಿನಲ್ಲಿ ಮುಂದುವರಿದ ಎಸ್‌ಎಎ7114. ಪಾಲ್, ಎನ್‌ಟಿಎಸ್‌ಸಿ, ಸೆಕಾಮ್ ಮೂರೂ ಬಗೆಯ ಅನಲಾಗ್ ವೀಡಿಯೊವನ್ನು ಡಿಜಿಟಲ್ ಬೈಟುಗಳಾಗಿಸುವ 100 ಕಾಲಿನ ಚಿಪ್ ಇದು. ಹಳೆಯದು, ಒಪ್ಪುತ್ತೇನೆ. ಆದರೆ ಕಲಿಯಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಟಿವಿಪಿ5150 ಥರದ 32 ಕಾಲಿನ ಚಿಕ್ಕ ಡಿಕೋಡರುಗಳಲ್ಲಿ ಜೆಟ್ಯಾಗ್ ಎಂಬ ಪರೀಕ್ಷಾ ಕಾಲುಗಳೇ ಇಲ್ಲ, ಇದರಲ್ಲಿ ಪೂರ್ತಿ ಬೌಂಡರಿ ಸ್ಕ್ಯಾನ್ (ಆ ಕಾಲುಗಳ ಮೂಲಕ ಬೆಸುಗೆ ಪರೀಕ್ಷಿಸುವ ವ್ಯವಸ್ಥೆ) ಇದೆ. ಎದುರಿಗೆ ಡೇಟಾ ತೆಗೆದುಕೊಳ್ಳಲು ಒಂದು ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಪ್ರೋಗ್ರಾಂ ಮಾಡುವ ಚಿಪ್) ಇದೆ ಎಂದಿಟ್ಟುಕೊಳ್ಳೋಣ, ಸ್ಪಾರ್ಟನ್-6 ಕುಟುಂಬದ್ದು.

ಸಲಕರಣೆ ಜಾಸ್ತಿ ಬೇಡ: ಮಲ್ಟಿಮೀಟರ್, 100 ಮೆಗಾಹರ್ಟ್ಸ್ ಸ್ಕೋಪ್, ಎಫ್‌ಟಿ2232ಎಚ್ ಚಿಪ್ ಇರುವ ಯುಎಸ್‌ಬಿ ಜೆಟ್ಯಾಗ್ ಅಡಾಪ್ಟರ್, ಲಿನಕ್ಸ್ ಇರುವ ಯಾವುದಾದರೂ ಕಂಪ್ಯೂಟರ್. ರಿಜಿಸ್ಟರ್ ಸಂಖ್ಯೆ, ವಿಳಾಸ ಮತ್ತು ಬೈಟ್ ಬೆಲೆಗಳನ್ನು ಹೆಕ್ಸಿನಲ್ಲೇ (16ರ ಆಧಾರದ ಎಣಿಕೆ, 9ರ ನಂತರ ಎ ಇಂದ ಎಫ್) ಕೊಟ್ಟಿದ್ದೇನೆ.

ಹಂತ 1: ನಕ್ಷೆಯಲ್ಲೇ ಸರಿಮಾಡಿಕೊಳ್ಳಬೇಕಾದದ್ದು

ಬೋರ್ಡ್ ತಯಾರಾಗುವ ಮೊದಲು ಸ್ಕೀಮ್ಯಾಟಿಕ್ ಇನ್ನೂ ನಿಮ್ಮ ಕೈಯಲ್ಲಿದ್ದರೆ ನಿಮ್ಮ ಅದೃಷ್ಟ. ಈ ಕೆಲವನ್ನು ನೋಡಿಕೊಳ್ಳಿ.

ವೀಡಿಯೊ ಒಳಬರುವಲ್ಲಿ 18 ಓಮ್ ಸರಣಿಯಲ್ಲಿ, 56 ಓಮ್ ನೆಲಕ್ಕೆ, ಅಲ್ಲಿಂದ 47 ನ್ಯಾನೋಫ್ಯಾರಡ್ ಕೆಪಾಸಿಟರ್ ದಾಟಿ ಚಿಪ್ಪಿಗೆ. ಎರಡು ರೆಸಿಸ್ಟರ್ ಕೂಡಿದರೆ 74 ಓಮ್, ಕೇಬಲ್ಲಿಗೆ ಬೇಕಾದ 75ಕ್ಕೆ ಸಾಕಷ್ಟು ಹತ್ತಿರ. ಜೊತೆಗೆ 1 ವೋಲ್ಟಿನ ಸಿಗ್ನಲ್ಲು ಸುಮಾರು 0.75 ವೋಲ್ಟಿಗೆ ಇಳಿದು ಒಳಗಿನ ಎಡಿಸಿಗೆ (ಅನಲಾಗನ್ನು ಸಂಖ್ಯೆಯಾಗಿಸುವ ಭಾಗ) ಹೊಂದುತ್ತದೆ. ಇಲ್ಲಿ ಸುಮ್ಮನೆ ಒಂದು 75 ಓಮ್ ಹಾಕಿ ಮುಗಿಸಿದವರ ಬೋರ್ಡುಗಳಲ್ಲಿ ಚಿತ್ರದ ಬಿಳಿ ಭಾಗ ಸುಟ್ಟ ಹಾಗೆ ಕಾಣುವುದುಂಟು.

ಟಿಆರ್‌ಎಸ್‌ಟಿ ಕಾಲು, ಅಂದರೆ ಜೆಟ್ಯಾಗ್ ರೀಸೆಟ್. ಬೌಂಡರಿ ಸ್ಕ್ಯಾನ್ ಬಳಸದ ಬೋರ್ಡಿನಲ್ಲಿ ಇದನ್ನು ನೆಲಕ್ಕೆ ಕಟ್ಟಿ ಎಂದು ಡೇಟಾಶೀಟ್ ಹೇಳುತ್ತದೆ. ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ, ಜೆಟ್ಯಾಗ್ ಕನೆಕ್ಟರ್ ಹಾಕಿದವರೂ ಸಹ! ಆಮೇಲೆ ಆ ಕನೆಕ್ಟರ್ ಶೋಭೆಗೆ ಮಾತ್ರ. ನೇರ ನೆಲಕ್ಕೆ ಕಟ್ಟಬೇಡಿ, 1 ಕಿಲೋಓಮ್ ರೆಸಿಸ್ಟರಿನ ಮೂಲಕ ಕಟ್ಟಿ. ಒಳಗಿನ ದುರ್ಬಲ ಪುಲ್‌ಅಪ್ಪನ್ನು (ಕಾಲನ್ನು ಸಪ್ಲೈ ಕಡೆ ಎಳೆಯುವ ರೆಸಿಸ್ಟರ್) ಅದು ಗೆಲ್ಲುತ್ತದೆ, ಪರೀಕ್ಷೆಯ ಹೊತ್ತಿನಲ್ಲಿ ಅಡಾಪ್ಟರ್ ಅದನ್ನು ಗೆಲ್ಲುತ್ತದೆ.

ಟೆಸ್ಟ್ ಎಂಬ ಹೆಸರಿನ ಕಾಲುಗಳು ತಯಾರಕರ ಸ್ವಂತಕ್ಕೆ. ಅವನ್ನು ಯಾವುದಕ್ಕೂ ಜೋಡಿಸದೆ ಬಿಡಿ. ಆದರೆ ಎಲ್‌ಎಲ್‌ಸಿ, ಎಕ್ಸ್‌ಟಿಔಟ್, ಎಔಟ್, ಆರ್‌ಇಎಸ್ ಈ ನಾಲ್ಕು ಕಾಲುಗಳಿಗೆ ಒಂದೊಂದು ಟೆಸ್ಟ್ ಪಾಯಿಂಟ್ ಕೊಡಿ. ಅರ್ಧ ಮಿಲಿಮೀಟರ್ ಅಂತರದ ಕಾಲಿನ ಮೇಲೆ ಪ್ರೋಬ್ ಹಿಡಿದು ಜಾರಿಸಿ ಪಕ್ಕದ ಕಾಲಿಗೆ ಶಾರ್ಟ್ ಮಾಡಿ ಚಿಪ್ ಕಳಕೊಂಡವರಿಗೆ ಇದರ ಬೆಲೆ ಗೊತ್ತು.

ಹಂತ 2: ಪವರ್, ಆಮೇಲೆ ಗಡಿಯಾರ

ಪವರ್ ಕೊಡುವ ಮೊದಲು 3.3 ವೋಲ್ಟ್ ಹಳಿಯಿಂದ ನೆಲಕ್ಕೆ ಓಮ್ ಅಳೆಯಿರಿ. ಡಿಜಿಟಲ್ ಮತ್ತು ಅನಲಾಗ್ ಹಳಿಗಳನ್ನು ಬೇರೆಬೇರೆ ಅಳೆಯಿರಿ, ಫೆರೈಟ್ ಬೀಡ್ ಇದ್ದರೆ ಅದರ ಎರಡೂ ಬದಿ. ಪವರ್ ಕೊಟ್ಟ ಮೇಲೆ ಪ್ರತಿ ಸಪ್ಲೈ ಕಾಲಿನ ಹತ್ತಿರ ಅಳೆಯಿರಿ. ರೆಗ್ಯುಲೇಟರ್ ಹತ್ತಿರ ಅಳೆದು ತೃಪ್ತಿಪಡಬೇಡಿ. ಇದರಲ್ಲಿ ಹೆಚ್ಚು ಹೇಳುವುದೇನಿಲ್ಲ.

ಹೆಚ್ಚು ಹೇಳಬೇಕಾದದ್ದು ಗಡಿಯಾರದ ಬಗ್ಗೆ, ಅಂದರೆ ಚಿಪ್ಪಿಗೆ ತಾಳ ಕೊಡುವ ಕ್ಲಾಕ್ ಸಿಗ್ನಲ್ಲಿನ ಬಗ್ಗೆ. ಚಿಪ್ಪಿಗೆ ಸಾಮಾನ್ಯವಾಗಿ 24.576 ಮೆಗಾಹರ್ಟ್ಸ್ ಕ್ರಿಸ್ಟಲ್, ಬೇಕಾದರೆ 32.11 ಮೆಗಾಹರ್ಟ್ಸ್ ಕೂಡ ಹಾಕಬಹುದು. ಮಾರುಕಟ್ಟೆಯಲ್ಲಿ ಸಿಗುವ 24.576ರ ಕ್ರಿಸ್ಟಲ್ಲುಗಳಲ್ಲಿ ಕೆಲವು ಮೂರನೇ ಓವರ್‌ಟೋನಿನವು. ಅವುಗಳ ಮೂಲ ಕಂಪನ ಅದರ ಮೂರನೇ ಒಂದು ಪಾಲು, 8.192 ಮೆಗಾಹರ್ಟ್ಸ್. ಆ ಮೂಲ ಕಂಪನವನ್ನು ಅದುಮಲು ಒಂದು ಇಂಡಕ್ಟರ್ ಮತ್ತು ಕೆಪಾಸಿಟರ್ ಬೇಕು. ಅವೆರಡನ್ನು "ಯಾಕೆ ದಂಡ" ಅಂತ ಬಿಟ್ಟ ಬೋರ್ಡಿನಲ್ಲಿ ಸ್ಕೋಪ್ ಹಿಡಿದರೆ ಚೆಂದದ 8.192 ಕಾಣುತ್ತದೆ. ಸೈನ್ ಅಲೆ ಕಂಡಿತಲ್ಲ ಅಂತ ಮುಂದೆ ಹೋಗಬೇಡಿ, ಸಂಖ್ಯೆ ಓದಿ.

ಪ್ರೋಬಿನ ಹತ್ತೋ ಹದಿನೈದೋ ಪಿಕೋಫ್ಯಾರಡ್ ಕ್ರಿಸ್ಟಲ್ ಕಾಲಿಗೆ ಬಿದ್ದರೆ ಕಂಪನ ಕದಲುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ಇದಕ್ಕೆಂದೇ ಚಿಪ್ಪಿನಲ್ಲಿ ಎಕ್ಸ್‌ಟಿಔಟ್ ಎಂಬ ಕಾಲಿದೆ. ರಿಜಿಸ್ಟರ್ 14ರ ಮೂರನೇ ಬಿಟ್ ಅನ್ನು 1 ಮಾಡಿದರೆ ಕ್ರಿಸ್ಟಲ್ಲಿನ ಗಡಿಯಾರ ಬಫರ್ ಆಗಿ ಅಲ್ಲಿ ಹೊರಬರುತ್ತದೆ. ಅಲ್ಲಿ ಎಷ್ಟು ಬೇಕಾದರೂ ಪ್ರೋಬ್ ಇಡಿ. ಐ2ಸಿ (ರಿಜಿಸ್ಟರುಗಳನ್ನು ಓದಿ ಬರೆಯುವ ಎರಡು ತಂತಿಯ ಬಸ್) ಇನ್ನೂ ಏಳದಿದ್ದರೆ ಚಿಪ್ ಹೊರಗೆ ಗಡಿಯಾರ ಕೊಡುವ ಎಲ್‌ಎಲ್‌ಸಿ ಕಾಲು ನೋಡಿ: ಅಲ್ಲಿ ಸುಮಾರು 27 ಮೆಗಾಹರ್ಟ್ಸ್ ಇರಬೇಕು. ಆರ್‌ಇಎಸ್ ಕಾಲು ಚಿಪ್ ಕೊಡುವ ರೀಸೆಟ್ ಔಟ್‌ಪುಟ್. ಚಿಪ್ಪನ್ನು ಎಬ್ಬಿಸುವ ಸಿಇ ಕಾಲು ಮೇಲೆದ್ದು, ಗಡಿಯಾರ ನೆಲೆನಿಂತ ಮೇಲೆ ಅದು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಅದು ಕೆಳಗೇ ಉಳಿದರೆ ಐ2ಸಿ ಕೋಡ್ ಮುಟ್ಟುವುದು ವ್ಯರ್ಥ.

ಹಂತ 3: ಐ2ಸಿ ಬಸ್ಸಿನಲ್ಲಿ ಹೆಸರು ಕೇಳಿ

ಡೇಟಾಶೀಟ್ ಪ್ರಕಾರ ವಿಳಾಸ 42, ಓದಲು 43. ಆದರೆ ಲಿನಕ್ಸಿನ ಐ2ಸಿಡಿಟೆಕ್ಟ್ ಓಡಿಸಿದರೆ 42ರ ಮನೆ ಖಾಲಿ! ಗಾಬರಿ ಬೇಡ. ಡೇಟಾಶೀಟ್ ಓದು-ಬರೆ ಬಿಟ್ಟನ್ನೂ ಸೇರಿಸಿ ಎಂಟು ಬಿಟ್ಟಿನಲ್ಲಿ ಹೇಳುತ್ತದೆ, ಲಿನಕ್ಸ್ ಏಳು ಬಿಟ್ಟಿನಲ್ಲಿ. ನಿಮ್ಮ ಚಿಪ್ 21ರಲ್ಲಿ ಕೂತಿರುತ್ತದೆ. ಈ ಒಂದು ಬಿಟ್ಟಿನ ಕಾರಣಕ್ಕೆ ಒಳ್ಳೆಯ ಚಿಪ್ಪುಗಳು ಬೋರ್ಡಿನಿಂದ ಕಿತ್ತುಬಂದಿವೆ.

ಉತ್ತರ ಸಿಕ್ಕಿತು ಅಂದಮಾತ್ರಕ್ಕೆ ಸರಿಯಾದ ಚಿಪ್ಪೇ ಉತ್ತರ ಕೊಟ್ಟಿತು ಅಂತಲ್ಲ. ರಿಜಿಸ್ಟರ್ 00ಕ್ಕೆ 0, 1, 2, 3 ಹೀಗೆ ಕ್ರಮವಾಗಿ ಬರೆಯುತ್ತಾ, ಪ್ರತಿ ಸಲವೂ ಅದೇ ರಿಜಿಸ್ಟರನ್ನು ಓದಿ ಕೆಳಗಿನ ನಾಲ್ಕು ಬಿಟ್ ಮಾತ್ರ ಬರೆದಿಟ್ಟುಕೊಳ್ಳಿ. ಎರಡನೆಯ ಓದಿನಿಂದ ಎಫ್, 7, 1, 1, 4 ಎಂದು ಚಿಪ್ ತನ್ನ ಹೆಸರನ್ನು ಅಕ್ಷರ ಬಿಡಿಸಿ ಹೇಳುತ್ತದೆ. ಲಿನಕ್ಸ್ ಡ್ರೈವರ್ ಈ ಕುಟುಂಬವನ್ನು ಗುರುತಿಸುವುದೂ ಹೀಗೆಯೇ. 7113ರ ಚೀನಾ ತದ್ರೂಪು ಜಿಎಂ7113ಸಿ ಈ ಪ್ರಶ್ನೆಗೆ ಪ್ರತಿ ಸಲವೂ 10 ಅಂತಲೇ ಉತ್ತರಿಸುತ್ತದೆ, ಪಾಪ, ಹೆಸರು ಕಲಿಸಿಲ್ಲ. ಬಿಡಿಭಾಗಗಳ ಅಂಗಡಿಯಿಂದ ಬಿಡಿಯಾಗಿ ಚಿಪ್ ತಂದಿದ್ದರೆ ಈ ಪರೀಕ್ಷೆಯನ್ನು ತಪ್ಪಿಸಲೇಬೇಡಿ.

ಹಂತ 4: ಸ್ಟ್ರಾಪ್ ಕಾಲುಗಳು, ಒಂದು ಕಹಿ ಅನುಭವ

ಎರಡು ಕಾಲುಗಳಿಗೆ ಇಲ್ಲಿ ದ್ವಿಪಾತ್ರ. ಆರ್‌ಟಿಸಿಒ ಮತ್ತು ಎಎಲ್‌ಆರ್‌ಸಿಎಲ್‌ಕೆ ಎರಡೂ ಔಟ್‌ಪುಟ್‌ಗಳೇ. ಆದರೆ ರೀಸೆಟ್ ಆಗುವ ಹೊತ್ತಿನಲ್ಲಿ ಕ್ಷಣಕಾಲ ಇನ್‌ಪುಟ್ ಆಗಿ ಬದಲಾಗುತ್ತವೆ. ಆಗ ಆರ್‌ಟಿಸಿಒ ಕೆಳಗಿದ್ದರೆ ವಿಳಾಸ 42, ಮೇಲಿದ್ದರೆ 40. ಎಎಲ್‌ಆರ್‌ಸಿಎಲ್‌ಕೆ ಕೆಳಗಿದ್ದರೆ ಕ್ರಿಸ್ಟಲ್ 24.576, ಮೇಲಿದ್ದರೆ 32.11 ಎಂದು ಚಿಪ್ ನಂಬುತ್ತದೆ. ಒಳಗೇ ಪುಲ್‌ಡೌನ್ ಇದೆ, ಆದ್ದರಿಂದ ಸುಮ್ಮನೆ ಬಿಟ್ಟರೆ 42 ಮತ್ತು 24.576. ಬದಲಿಸಬೇಕಾದರೆ 3.3 ಕಿಲೋಓಮಿನಿಂದ ಸಪ್ಲೈಗೆ ಎಳೆಯಬೇಕು.

ಹಿಂದೊಮ್ಮೆ ನಾನು ಕೆಲಸ ಮಾಡುತ್ತಿದ್ದ ಕಡೆ ಹತ್ತು ಬೋರ್ಡ್ ಬಂದವು. ಏಳು ಸರಿ, ಮೂರು ತಲೆಹರಟೆ. ಪರೀಕ್ಷೆ ಮಾಡುತ್ತಿದ್ದ ಹುಡುಗ ಬಂದು "ಸಾರ್, ಬೆಳಿಗ್ಗೆ 21ರಲ್ಲಿ ಸಿಕ್ಕಿತ್ತು, ಈಗ 20ರಲ್ಲಿ ಸಿಗ್ತಿದೆ" ಅಂದ. ನಾನು ನಂಬಲಿಲ್ಲ, ಟೈಪಿಂಗ್ ತಪ್ಪಿರಬೇಕು ಅಂದೆ. ಅವನು ನನ್ನೆದುರೇ ನಾಲ್ಕು ಸಲ ಪವರ್ ತೆಗೆದು ಹಾಕಿ ತೋರಿಸಿದ. ಮೂರು ಸಲ 21, ಒಂದು ಸಲ 20. ಇನ್ನೊಂದು ಬೋರ್ಡಿನಲ್ಲಿ ವಿಳಾಸ ಸರಿಯಿತ್ತು, ಎಲ್‌ಎಲ್‌ಸಿ ಮಾತ್ರ 27ರ ಬದಲು 20.7 ಮೆಗಾಹರ್ಟ್ಸ್ ಸುತ್ತಮುತ್ತ.

20.7 ಎಂಬ ಸಂಖ್ಯೆಯೇ ಕಳ್ಳನನ್ನು ಹಿಡಿದುಕೊಟ್ಟಿತು. 24.576ನ್ನು 32.11ರಿಂದ ಭಾಗಿಸಿ 27ರಿಂದ ಗುಣಿಸಿ ನೋಡಿ: 20.66. ಚಿಪ್ ತನ್ನಲ್ಲಿರುವುದು 32.11ರ ಕ್ರಿಸ್ಟಲ್ ಎಂದು ನಂಬಿಕೊಂಡು ಲೆಕ್ಕ ಹಾಕುತ್ತಿತ್ತು. ಯಾರು ಹಾಗೆ ನಂಬಿಸಿದರು? ಆ ಎರಡೂ ಕಾಲುಗಳು ಎಫ್‌ಪಿಜಿಎಗೆ ಹೋಗಿದ್ದವು. ಎಫ್‌ಪಿಜಿಎಯ ಎಚ್‌ಸ್ವಾಪ್‌ಇಎನ್ ಕಾಲನ್ನು ನೆಲಕ್ಕೆ ಕಟ್ಟಿದ್ದೆವು. ಹಾಗೆ ಕಟ್ಟಿದರೆ ಅದು ತನ್ನ ಪ್ರೋಗ್ರಾಂ ತುಂಬಿಕೊಳ್ಳುವ ತನಕ ಎಲ್ಲಾ ಕಾಲುಗಳಿಗೂ ಸಣ್ಣ ಪುಲ್‌ಅಪ್ ಹಚ್ಚಿಕೊಂಡಿರುತ್ತದೆ. ಡಿಕೋಡರಿನ ಪುಲ್‌ಡೌನ್ ಒಂದು ಕಡೆ, ಇದರ ಪುಲ್‌ಅಪ್ ಇನ್ನೊಂದು ಕಡೆ ಎಳೆದು ವೋಲ್ಟೇಜು ನಡುಮಧ್ಯ ನಿಂತಿತ್ತು. ಏಳು ಬೋರ್ಡಿನಲ್ಲಿ ಒಬ್ಬ ಗೆದ್ದ, ಮೂರರಲ್ಲಿ ಇನ್ನೊಬ್ಬ.

ಪರಿಹಾರಕ್ಕೆ ಒಂದು ತಂತಿ ಸಾಕಾಯಿತು: ಪ್ರೋಗ್ರಾಂ ತುಂಬಿದ್ದಾಯಿತು ಎಂದು ಹೇಳುವ ಎಫ್‌ಪಿಜಿಎಯ ಡನ್ ಕಾಲಿನಿಂದ ಡಿಕೋಡರಿನ ಸಿಇ ಕಾಲಿಗೆ. ಎಫ್‌ಪಿಜಿಎ ಪೂರ್ತಿ ಎದ್ದ ಮೇಲೆಯೇ ಡಿಕೋಡರ್ ಕಣ್ಣುಬಿಡಲಿ. ಹೊಸ ವಿನ್ಯಾಸವಾದರೆ ಆ ಎರಡು ಕಾಲುಗಳಿಗೆ 1 ಕಿಲೋಓಮ್ ಪುಲ್‌ಡೌನ್ ಹಾಕಿ, ಜಗಳವೇ ಇಲ್ಲ.

ಹಂತ 5: ಜೆಟ್ಯಾಗ್ ಸರಪಳಿ

ಈಗ ಬೆಸುಗೆಯ ಸರದಿ. ಐಇಇಇ 1149.1 ಎಂಬ ಮಾನದಂಡ 1990ರದ್ದು, ಜನಬಳಕೆಯಲ್ಲಿ ಜೆಟ್ಯಾಗ್. ಚಿಪ್ಪಿನ ಪ್ರತಿ ಡಿಜಿಟಲ್ ಕಾಲಿನ ಹಿಂದೆ ಒಂದು ಪುಟ್ಟ ಕೋಶ ಇದೆ, ಎಲ್ಲಾ ಕೋಶಗಳನ್ನು ಒಂದೇ ದಾರಕ್ಕೆ ಪೋಣಿಸಿದೆ ಎಂದುಕೊಳ್ಳಿ. ದಾರದ ಒಂದು ತುದಿ ಟಿಡಿಐ, ಇನ್ನೊಂದು ಟಿಡಿಒ. ನಡೆಸುವವು ಟಿಸಿಕೆ, ಟಿಎಂಎಸ್. ಚಿಪ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಬೇರೆ ಮಾತು. ಕಾಲುಗಳನ್ನು ಮಾತ್ರ ಹೊರಗಿನಿಂದ ನಾವೇ ಮೇಲೆ ಕೆಳಗೆ ಆಡಿಸಬಹುದು.

ಅಡಾಪ್ಟರ್ ಜೋಡಿಸಿ, ಟಿಆರ್‌ಎಸ್‌ಟಿ ಮೇಲಿದೆಯೇ ಮೀಟರಿನಲ್ಲಿ ನೋಡಿ. ಟಿಸಿಕೆ ವೇಗ 1 ಮೆಗಾಹರ್ಟ್ಸಿಗಿಂತ ಕೆಳಗಿರಲಿ, ಜಂಪರ್ ತಂತಿಗಳಲ್ಲಿ ಅವಸರ ಸಲ್ಲದು. ಟಿಎಂಎಸ್ ಮೇಲಿಟ್ಟು ಐದು ಟಿಸಿಕೆ ಕೊಟ್ಟರೆ ಯಾವ ಸ್ಥಿತಿಯಲ್ಲಿದ್ದರೂ ಚಿಪ್ ರೀಸೆಟ್ ಸ್ಥಿತಿಗೆ ಬರುತ್ತದೆ. ಆಗ ಐಡಿಕೋಡ್ (ಚಿಪ್ಪಿನ ಗುರುತಿನ ಸಂಖ್ಯೆ) ಇರುವ ಚಿಪ್ ತಾನಾಗಿ ಅದನ್ನು ಮುಂದಿಟ್ಟುಕೊಂಡು ಕೂರುತ್ತದೆ. ಯೂಆರ್‌ಜೆಟ್ಯಾಗ್ ಎಂಬ ಉಚಿತ ತಂತ್ರಾಂಶದಲ್ಲಿ ಡಿಟೆಕ್ಟ್ ಎಂದರೆ ಇದೆಲ್ಲಾ ಅದೇ ಮಾಡಿಕೊಳ್ಳುತ್ತದೆ.

ಬರುವ 32 ಬಿಟ್ಟಿನ ಸಂಖ್ಯೆಯನ್ನು ಬಿಡಿಸಿ ಓದಲು ಕಲಿಯಿರಿ. ಕೊನೆಯ ಬಿಟ್ ಯಾವಾಗಲೂ 1. ಅದರ ಹಿಂದಿನ 11 ಬಿಟ್ ತಯಾರಕರದು. ಫಿಲಿಪ್ಸಿನ ಸಂಕೇತ ಹೆಕ್ಸಿನಲ್ಲಿ 15, ಒಂದು ಬಿಟ್ ಎಡಕ್ಕೆ ಸರಿದು ಕೊನೆಯ 1 ಸೇರಿದಾಗ 02ಬಿ ಆಗುತ್ತದೆ. ಅದರ ಹಿಂದೆ ನಾಲ್ಕು ಹೆಕ್ಸ್ ಅಂಕೆ ಚಿಪ್ಪಿನದು: 7114. ಎಲ್ಲಕ್ಕಿಂತ ಮುಂದಿನದು ಆವೃತ್ತಿ. ಸರಪಳಿಯಲ್ಲಿ ಪಕ್ಕದ ಎಫ್‌ಪಿಜಿಎ ಸ್ಪಾರ್ಟನ್-6 ಎಲ್‌ಎಕ್ಸ್9 ಆಗಿದ್ದರೆ ಅದರ ಸಂಖ್ಯೆಯ ಕೊನೆ 4001093 ಎಂದಿರಬೇಕು.

ಎಲ್ಲಾ ಬಿಟ್ಟುಗಳೂ 1 ಬಂದರೆ ಟಿಡಿಒ ಎಲ್ಲೋ ಓಪನ್ ಆಗಿದೆ, ಇಲ್ಲವೇ ಟಿಆರ್‌ಎಸ್‌ಟಿ ಇನ್ನೂ ನೆಲದಲ್ಲಿದೆ. ಎಲ್ಲಾ 0 ಬಂದರೆ ಟಿಡಿಒ ನೆಲಕ್ಕೆ ಶಾರ್ಟ್ ಆಗಿರಬಹುದು ಅಥವಾ ಚಿಪ್ಪಿಗೆ ಪವರ್ ಇಲ್ಲ. ಸಂಖ್ಯೆ ಪ್ರತಿ ಸಲ ಬೇರೆ ಬಂದರೆ ಟಿಸಿಕೆ ತಂತಿ ಉದ್ದವಾಯಿತು.

ಹಂತ 6: ಬೆಸುಗೆ ಪರೀಕ್ಷೆ

ಎರಡೂ ಚಿಪ್ಪಿನ ಬಿಎಸ್‌ಡಿಎಲ್ ಫೈಲ್ ಬೇಕು. ಯಾವ ಕಾಲಿನ ಹಿಂದೆ ಎಷ್ಟನೇ ಕೋಶ ಇದೆ ಎಂಬ ನಕ್ಷೆ ಅದು. ಎಫ್‌ಪಿಜಿಎ ಖಾಲಿ ಇದ್ದಾಗಲೇ ಈ ಪರೀಕ್ಷೆ ಮಾಡಿ. ಪ್ರೋಗ್ರಾಂ ಓಡುತ್ತಿದ್ದು ಅದೂ ಇದೇ ತಂತಿಯನ್ನು ಎಳೆಯುತ್ತಿದ್ದರೆ ಎರಡು ಔಟ್‌ಪುಟ್ ಕಾದಾಡುತ್ತವೆ. ಹಾಗಂತ ನೇರ ಎಕ್ಸ್‌ಟೆಸ್ಟ್‌ಗೆ (ಕೋಶದ ಬೆಲೆಯನ್ನು ಕಾಲಿಗೆ ಹಚ್ಚುವ ಜೆಟ್ಯಾಗ್ ಸೂಚನೆ) ಜಿಗಿಯಬೇಡಿ. ಮೊದಲು ಸ್ಯಾಂಪಲ್ ಸೂಚನೆ ಹಾಕಿ ಕೋಶಗಳಲ್ಲಿ ಸುರಕ್ಷಿತ ಬೆಲೆ ತುಂಬಿ, ಆಮೇಲೆ ಎಕ್ಸ್‌ಟೆಸ್ಟ್.

ಡಿಕೋಡರಿನ ಎಂಟು ಡೇಟಾ ಕಾಲುಗಳಲ್ಲಿ ಒಂದಾದ ಮೇಲೊಂದರಂತೆ 1 ಇಡುತ್ತಾ ಹೋಗಿ, ಎಫ್‌ಪಿಜಿಎ ಬದಿಯಲ್ಲಿ ಏನು ಬಂತು ಓದಿ. 00000100 ಕಳಿಸಿದಾಗ 00001100 ಬಂತು, ಆಮೇಲೆ 00001000 ಕಳಿಸಿದಾಗಲೂ 00001100 ಬಂತು ಅಂದರೆ 2 ಮತ್ತು 3ನೇ ಕಾಲುಗಳ ನಡುವೆ ಸೀಸದ ಸೇತುವೆ. ಒಂದು ಬಿಟ್ ಏನು ಕಳಿಸಿದರೂ 1 ಆಗಿಯೇ ಇದ್ದರೆ ಎರಡು ಸಾಧ್ಯತೆ: ಕಾಲು ಬೆಸುಗೆ ಹಿಡಿದಿಲ್ಲ ಮತ್ತು ಎಫ್‌ಪಿಜಿಎಯ ಪುಲ್‌ಅಪ್ ಅದನ್ನು ಎತ್ತಿದೆ, ಅಥವಾ ಅದು ನಿಜವಾಗಿ ಸಪ್ಲೈಗೆ ಶಾರ್ಟ್. ಆ ತಂತಿಗೆ ಹೊರಗಿನಿಂದ 1 ಕಿಲೋಓಮ್ ನೆಲಕ್ಕೆ ಹಿಡಿದು ಮತ್ತೆ ಓದಿ. 0 ಆದರೆ ಡ್ರೈ ಸೋಲ್ಡರ್.

ಡೇಟಾ ಮುಗಿದ ಮೇಲೆ ಗಡಿಯಾರ ಮತ್ತು ನಿಯಂತ್ರಣ ಕಾಲುಗಳಿಗೂ ಇದೇ ಪಾಠ. ನೆನಪಿರಲಿ: ಕ್ರಿಸ್ಟಲ್, ವೀಡಿಯೊ ಇನ್‌ಪುಟ್ ಥರದ ಅನಲಾಗ್ ಕಾಲುಗಳಿಗೆ ಈ ಪರೀಕ್ಷೆ ಸಲ್ಲದು.

ಹಂತ 7: ಅನಲಾಗ್ ಒಳಗೆ ಬಂತೇ?

ಅನಲಾಗ್ ಕಾಲುಗಳಿಗೆ ಬೇರೆ ಕಿಟಕಿ ಇದೆ, ಎಔಟ್. ರಿಜಿಸ್ಟರ್ 14ರ 5 ಮತ್ತು 4ನೇ ಬಿಟ್ಟಿನಲ್ಲಿ 01 ಬರೆದರೆ ಮೊದಲ ಎಡಿಸಿಯ ಒಳಹರಿವು, 10 ಬರೆದರೆ ಎರಡನೆಯದರದ್ದು ಅಲ್ಲಿ ಕಾಣುತ್ತದೆ. ಪಾಲ್ ಕ್ಯಾಮೆರಾ ಹಚ್ಚಿ, ಸ್ಕೋಪಿನಲ್ಲಿ 64 ಮೈಕ್ರೋಸೆಕೆಂಡಿಗೊಮ್ಮೆ ಸಿಂಕ್ ಗುಂಡಿ (ಪ್ರತಿ ಸಾಲಿನ ಆರಂಭ ಸೂಚಿಸುವ ತಗ್ಗು) ಬೀಳುತ್ತಿದೆಯೇ ನೋಡಿ. ಕನೆಕ್ಟರಿನಲ್ಲಿ ಸಿಗ್ನಲ್ ಇದ್ದು ಎಔಟ್‌ನಲ್ಲಿ ಇಲ್ಲವಾದರೆ ಕೆಪಾಸಿಟರ್ ಬೆಸುಗೆ ನೋಡಿ, ಆಮೇಲೆ ರಿಜಿಸ್ಟರ್ 02ರಲ್ಲಿ ಬೇರೆ ಇನ್‌ಪುಟ್ ಆರಿಸಿಕೊಂಡಿದ್ದೀರಾ ನೋಡಿ. ನನ್ನ ಅನುಭವದಲ್ಲಿ ಎರಡನೆಯದೇ ಜಾಸ್ತಿ.

ನಂತರ ಸ್ಥಿತಿ ಹೇಳುವ ರಿಜಿಸ್ಟರ್ 1ಎಫ್ ಓದಿ. ಏಳನೇ ಬಿಟ್ 1 ಇದ್ದರೆ ಇಂಟರ್‌ಲೇಸ್ (ಬೆಸ, ಸಮ ಸಾಲುಗಳು ಸರದಿಯಲ್ಲಿ ಬರುವ) ಸಿಗ್ನಲ್ಲು. ಆರನೇ ಬಿಟ್ 0 ಇದ್ದರೆ ಚಿಪ್ ಸಿಗ್ನಲ್ಲಿಗೆ ಲಾಕ್ ಆಗಿದೆ, ಇಲ್ಲಿ 0 ಶುಭ ಎಂಬುದನ್ನು ಮರೆಯಬೇಡಿ. ಐದನೇ ಬಿಟ್ 0 ಎಂದರೆ 50 ಹರ್ಟ್ಸ್, 1 ಎಂದರೆ 60. ಕೊನೆಯ ಬಿಟ್ 1 ಎಂದರೆ ಎಲ್ಲಾ ಸಿದ್ಧ. ಪಾಲ್ ಕ್ಯಾಮೆರಾಗೆ 81 ಬಂದರೆ ಕೈ ಒರೆಸಿಕೊಳ್ಳಬಹುದು.

ಹಂತ 8: ಬೈಟುಗಳನ್ನು ಓದುವುದು

ಈ ಚಿಪ್ಪಿನಲ್ಲಿ ಚಿತ್ರ ಹೊರಬರಲು ಎರಡು ಬಾಗಿಲು. ಐ-ಪೋರ್ಟ್ ಎಂಬುದು ಚಿತ್ರದ ಅಳತೆ ಬದಲಿಸುವ ಸ್ಕೇಲರ್ ದಾಟಿ ಬರುವ ದಾರಿ, ಅದಕ್ಕೆ ಹತ್ತಾರು ರಿಜಿಸ್ಟರ್ ಸರಿಯಿರಬೇಕು. ಎಕ್ಸ್-ಪೋರ್ಟ್‌ನಲ್ಲಿ ಡಿಕೋಡರಿನ ಡೇಟಾ ನೇರ ಬರುತ್ತದೆ. ಎಕ್ಸ್-ಪೋರ್ಟಿಗೂ ತಂತಿ ಎಳೆದಿದ್ದರೆ ಮೊದಲ ಪರೀಕ್ಷೆ ಅಲ್ಲೇ ಮಾಡಿ: ರಿಜಿಸ್ಟರ್ 83ರ ಕೊನೆಯ ಎರಡು ಬಿಟ್ 01. ಐ-ಪೋರ್ಟಿಗೆ ರಿಜಿಸ್ಟರ್ 87ರಲ್ಲಿ ಇದೇ ಮಾತು. ಅದಕ್ಕೆ 10 ಅಥವಾ 11 ಬರೆದರೆ ಬಾಗಿಲಿನ ಕೀಲಿ ಐಟಿಆರ್‌ಐ ಕಾಲಿನ ಕೈಗೆ ಹೋಗುತ್ತದೆ. ಸ್ಕೇಲರ್ ರಿಜಿಸ್ಟರುಗಳನ್ನು ಮುಟ್ಟಿದ ಮೇಲೆ 88ಕ್ಕೆ ಒಮ್ಮೆ ಡಿ0, ಆಮೇಲೆ ಎಫ್0 ಬರೆದು ಅದನ್ನು ರೀಸೆಟ್ ಮಾಡಬೇಕು. ಬಿಟ್ಟರೆ ಹೊಸ ಬೆಲೆ ಹಾಕಿ ಹಳೆಯ ಚಿತ್ರ ನೋಡುತ್ತಾ ಕೂರುತ್ತೀರಿ.

ಬರುವ ಹರಿವು ಬಿಟಿ.656 ಎಂಬ ಡಿಜಿಟಲ್ ವೀಡಿಯೊ ಮಾನದಂಡದ ರೀತಿಯದು. ಎಫ್‌ಎಫ್, 00, 00, ಅದರ ಹಿಂದೆ ಒಂದು ಗುರುತು ಬೈಟ್. ಆ ನಾಲ್ಕನೆಯ ಬೈಟಿಗೆ ಸರಿಯಾದ ಬೆಲೆ ಎಂಟೇ ಎಂಟು: 80, 9ಡಿ, ಎಬಿ, ಬಿ6, ಸಿ7, ಡಿಎ, ಇಸಿ, ಎಫ್1. ಎಫ್‌ಪಿಜಿಎಯಲ್ಲಿ ಹತ್ತು ಸಾಲಿನ ಕೋಡ್ ಬರೆದು, ಈ ಎಂಟರ ಹೊರಗಿನದು ಕಂಡಾಗಲೆಲ್ಲ ಒಂದು ಕೌಂಟರ್ ಏರಿಸಿ, ಕಂಡ ಬೆಲೆಯನ್ನು ಹಿಡಿದಿಡಿ. ಎಬಿ ಇರಬೇಕಾದಲ್ಲಿ ಎ7, ಬಿ6 ಇರಬೇಕಾದಲ್ಲಿ ಬಿಎ ಬಂದರೆ ಡೇಟಾದ 2 ಮತ್ತು 3ನೇ ಬಿಟ್ ಅದಲುಬದಲಾಗಿವೆ. ಬೆಸುಗೆ ಪರೀಕ್ಷೆಯಲ್ಲಿ ಇದು ತಪ್ಪಿಸಿಕೊಳ್ಳಬಹುದು, ಯಾಕೆಂದರೆ ತಂತಿ ನಕ್ಷೆಯಂತೆಯೇ ಇದೆ, ನಕ್ಷೆಯೇ ತಪ್ಪು. ಅಂಥ ಬೋರ್ಡಿನಲ್ಲೂ ಚಿತ್ರ ಬಂದಂತೆ ಕಾಣುತ್ತದೆ, ಛಾಯೆಗಳಲ್ಲಿ ಮಾತ್ರ ಪಟ್ಟಿಪಟ್ಟಿ. ಕಣ್ಣಿಗೆ ಬಿಟ್ಟರೆ ವಾರ ಹಿಡಿಯುವುದನ್ನು ಈ ಕೌಂಟರ್ ಒಂದು ಸಾಲಿನಲ್ಲಿ ಹೇಳುತ್ತದೆ.

ಕೊನೆಯದಾಗಿ ಎಣಿಕೆ. ಪಾಲ್‌ನಲ್ಲಿ ಒಂದು ಸಾಲಿನ ಆರಂಭದ ಗುರುತಿನಿಂದ ಮುಂದಿನದರವರೆಗೆ 1728 ಗಡಿಯಾರ, ಎನ್‌ಟಿಎಸ್‌ಸಿಯಲ್ಲಿ 1716. ಅದರಲ್ಲಿ ಚಿತ್ರದ ಬೈಟು 1440. ಎಣಿಕೆ ಪ್ರತಿ ಸಾಲಿಗೂ ಒಂದೇ ಬಂದು, ತಪ್ಪು ಕೌಂಟರ್ ಒಂದು ಗಂಟೆ ಸೊನ್ನೆಯಲ್ಲೇ ನಿಂತರೆ, ಕೋಡ್ ಬರೆದವನನ್ನು ಕರೆದು ಪರದೆ ಹಚ್ಚಲು ಹೇಳಿ. ಈಗಲೂ ಕಪ್ಪಗಿದ್ದರೆ ಬೋರ್ಡು ಅವನ ಮೇಜಿನ ಮೇಲೆಯೇ ಇರಲಿ.